ಕೋಠಿಯಲ್ಲಿ ಕೊಂಡ ಐಸಿಯನ್ನು ಓದುವ ಬಗೆ

ಹೈದರಾಬಾದಿನ ಕೋಠಿಯಲ್ಲಿರುವ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ. ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಟಿ.ವಿ., ಇನ್ವರ್ಟರ್ ರಿಪೇರಿಯವರು ಇಲ್ಲಿಗೆ ಬರುತ್ತಾರೆ. ಬೆಂಗಳೂರಿಗೆ ಎಸ್‌.ಪಿ. ರೋಡ್ ಹೇಗೋ ಹೈದರಾಬಾದಿಗೆ ಇದು ಹಾಗೆ. ಬೀದರಿನವರಿಗಂತೂ ಬೆಂಗಳೂರಿಗಿಂತ ಕೋಠಿಯೇ ಹತ್ತಿರ. ‘ಟ್ರಿಪಲ್ ಫೈವ್’ ಎಂದು ಕೇಳಿದರೆ ಎಂಟು ಪಿನ್ನಿನ ಕಪ್ಪು ಟೈಮರ್ ಐಸಿ (ಚಿಪ್) ಕೈಗೆ ಬರುತ್ತದೆ. ಬೆಲೆ ಕೆಲವೇ ರೂಪಾಯಿ. ಅದರ ಮೈಮೇಲೆ ಎರಡು ಮೂರು ಸಾಲು ಸಣ್ಣ ಅಕ್ಷರಗಳಿರುತ್ತವೆ. ಅವನ್ನು ಓದಲು ಕಲಿತರೆ ಚಿಪ್ ಉದ್ಯಮ ಹೇಗೆ ನಡೆಯುತ್ತದೆ ಎಂಬುದು ತಿಳಿಯುತ್ತದೆ. ಅಸಲಿ ಮಾಲನ್ನು ಗುರುತಿಸುವುದೂ ಸುಲಭವಾಗುತ್ತದೆ.

ಭಾಗದ ಸಂಖ್ಯೆ

‘ಎನ್‌ಇ555ಪಿ’ ಎಂದು ಬರೆದಿದೆ ಎಂದುಕೊಳ್ಳಿ. ನಡುವಿನ 555 ವಿನ್ಯಾಸದ ಹೆಸರು. ಹಾನ್ಸ್ ಕ್ಯಾಮೆನ್‌ಝಿಂಡ್ ಎಂಬ ಇಂಜಿನಿಯರ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ರೂಪಿಸಿದರು. ಮರುವರ್ಷ ಮಾರುಕಟ್ಟೆಗೆ ಬಂತು. ಮೊದಲಿನ ‘ಎನ್‌ಇ’ ಸಿಗ್ನೆಟಿಕ್ಸ್ ಇಟ್ಟ ಗುರುತು: 0ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವ ಮಾದರಿ. ‘ಎಸ್‌ಇ’ ಎಂದಿದ್ದರೆ ಮೈನಸ್ 55ರಿಂದ 125 ಡಿಗ್ರಿವರೆಗೆ ತಾಳುತ್ತದೆ. ಕೊನೆಯ ‘ಪಿ’ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನವರ ಲೆಕ್ಕದಲ್ಲಿ ಬ್ರೆಡ್‌ಬೋರ್ಡಿಗೆ ಚುಚ್ಚಬಹುದಾದ ಪ್ಲಾಸ್ಟಿಕ್ ಡಿಪ್ ಪ್ಯಾಕೇಜ್. ಅದೇ ಪ್ಯಾಕೇಜಿಗೆ ಎಸ್‌ಟಿಮೈಕ್ರೋಎಲೆಕ್ಟ್ರಾನಿಕ್ಸ್‌ನವರು ‘ಎನ್’ ಎಂದು ಬರೆಯುತ್ತಾರೆ. ಕೊನೆಯ ಅಕ್ಷರ ನೋಡದೆ ಕೊಂಡರೆ ಬೋರ್ಡಿನ ಮೇಲ್ಮೈಗೆ ಬೆಸುಗೆ ಹಾಕುವ ಪುಟಾಣಿ ಐಸಿ ಕೈಸೇರಬಹುದು.

ಸಿಗ್ನೆಟಿಕ್ಸನ್ನು ಫಿಲಿಪ್ಸ್ 1975ರಲ್ಲಿ ಕೊಂಡುಕೊಂಡಿತು. ವಿನ್ಯಾಸ ಮಾತ್ರ ಉಳಿಯಿತು; ಹಲವು ಕಂಪನಿಗಳು ಅದನ್ನು ಇಂದಿಗೂ ತಯಾರಿಸುತ್ತಿವೆ. ಚಿಪ್ ವ್ಯಾಪಾರದಲ್ಲಿ ವಿನ್ಯಾಸ ಒಬ್ಬರದು, ತಯಾರಿಕೆ ಇನ್ನೊಬ್ಬರದು ಆಗಿರಬಹುದು.

ವಿನ್ಯಾಸ ಯಾರದು, ಕಾರ್ಖಾನೆ ಯಾರದು

ಕಂಪನಿಗಳಲ್ಲಿ ಎರಡು ಬಗೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಂಥವು ತಾವೇ ವಿನ್ಯಾಸ ಮಾಡಿ, ಬಹುಪಾಲು ತಮ್ಮದೇ ಕಾರ್ಖಾನೆಗಳಲ್ಲಿ, ಅಂದರೆ ಫ್ಯಾಬ್‌ಗಳಲ್ಲಿ ತಯಾರಿಸುತ್ತವೆ. ಈ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಕ್ವಾಲ್‌ಕಾಮ್, ಎಎಮ್‌ಡಿಯಂಥವು ವಿನ್ಯಾಸಕ್ಕಷ್ಟೇ ನಿಲ್ಲುತ್ತವೆ. ಎಎಮ್‌ಡಿಯ ಹಳೆಯ ಕಾರ್ಖಾನೆಗಳು 2009ರಲ್ಲಿ ಬೇರೆಯಾಗಿ ಗ್ಲೋಬಲ್‌ಫೌಂಡ್ರೀಸ್ ಆದವು. ವಿನ್ಯಾಸವಷ್ಟೇ ಮಾಡುವವರ ಚಿಪ್ಪುಗಳನ್ನು ಕೂಲಿಗೆ ತಯಾರಿಸಿಕೊಡುವುದೇ ಕಸುಬಾಗಿ 1987ರಲ್ಲಿ ತೈವಾನಿನಲ್ಲಿ ಟಿಎಸ್‌ಎಮ್‌ಸಿ ಶುರುವಾಯಿತು. ಕ್ವಾಲ್‌ಕಾಮ್, ಎಎಮ್‌ಡಿ ಎರಡಕ್ಕೂ ಹೈದರಾಬಾದಿನಲ್ಲಿ ದೊಡ್ಡ ಕಚೇರಿಗಳಿವೆ.

ಫ್ಯಾಬ್‌ನಲ್ಲಿ ಕೆಲಸ ನಡೆಯುವುದು ಸಿಲಿಕಾನ್ ವೇಫರ್ ಎಂಬ ತೆಳು ಬಿಲ್ಲೆಯ ಮೇಲೆ. ದೊಡ್ಡ ವೇಫರ್ 300 ಮಿಲಿಮೀಟರ್ ಅಗಲ, ಊಟದ ತಟ್ಟೆಯಷ್ಟು. ಬೆಳಕಿನಿಂದ ಚಿತ್ರ ಮೂಡಿಸುವುದು, ಕೊರೆಯುವುದು, ಪದರ ಕೂರಿಸುವುದು, ಮತ್ತೆ ಬೆಳಕು ಹಾಯಿಸುವುದು. ನೂರಾರು ಹಂತ ದಾಟಿ ಮುಗಿಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು.

ಬೆಲೆಯ ಗುಟ್ಟಿರುವುದು ಇಲ್ಲಿ. ಒಂದು ಚದರ ಮಿಲಿಮೀಟರಿನ ಚಿಪ್ಪಾದರೆ ಇಂಥ ವೇಫರಿನಲ್ಲಿ ಸುಮಾರು 70,000 ಹಿಡಿಸುತ್ತವೆ. ಒಂದು ಚದರ ಸೆಂಟಿಮೀಟರಿನದಾದರೆ 640ರ ಆಸುಪಾಸು. ಇನ್ನು ಹತ್ತು ಚದರ ಸೆಂಟಿಮೀಟರಿಗೆ ಸರಾಸರಿ ಒಂದು ದೋಷ ಇದೆ ಎಂದು ಲೆಕ್ಕ ಹಾಕೋಣ. ಒಂದು ಚದರ ಸೆಂಟಿಮೀಟರಿನ ಚಿಪ್ಪುಗಳಲ್ಲಿ ಶೇ. 90ರಷ್ಟು ಚೆನ್ನಾಗಿ ಬರುತ್ತವೆ. ಆರು ಚದರ ಸೆಂಟಿಮೀಟರಿನವಾದರೆ ಶೇ. 55 ಮಾತ್ರ. ದೊಡ್ಡ ಗ್ರಾಫಿಕ್ಸ್ ಚಿಪ್ ದುಬಾರಿಯಾಗಿ, ಟ್ರಿಪಲ್ ಫೈವ್ ಅಗ್ಗವಾಗಿ ಸಿಗಲು ಇದು ಮುಖ್ಯ ಕಾರಣ.

ಡೇಟ್ ಕೋಡ್

ಎರಡನೆಯ ಸಾಲಿನಲ್ಲಿ ‘2318’ ಎಂಬಂಥ ನಾಲ್ಕು ಅಂಕಿ ಇದ್ದರೆ, ಅನೇಕ ಕಂಪನಿಗಳ ಪದ್ಧತಿಯಂತೆ ಅದು 2023ರ 18ನೇ ವಾರ. ಇದು ಸಾಮಾನ್ಯವಾಗಿ ಚಿಪ್ಪನ್ನು ಪ್ಯಾಕ್ ಮಾಡಿದ ಕಾಲ. ವೇಫರನ್ನು ಕತ್ತರಿಸಿ, ಒಂದೊಂದು ತುಂಡನ್ನೂ ಲೋಹದ ಚೌಕಟ್ಟಿಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಯಿಂದ ಪಿನ್ನುಗಳಿಗೆ ಜೋಡಿಸಿ, ಕಪ್ಪು ರಾಳದಲ್ಲಿ ಮುಚ್ಚಿ, ಪರೀಕ್ಷಿಸುವುದು ಬೇರೆಯದೇ ಉದ್ಯಮ. ಐಸಿಯ ಮೇಲೆ ಮಲೇಷ್ಯಾ, ಫಿಲಿಪ್ಪೀನ್ಸ್ ಎಂದಿದ್ದರೆ ಸಾಮಾನ್ಯವಾಗಿ ಈ ಕೆಲಸ ನಡೆದ ದೇಶ ಅದು. ಮೈಸೂರಿನ ಕೇನ್ಸ್ ಕಂಪನಿ ಕಾಲಿಟ್ಟಿರುವುದು ಈ ಹಂತಕ್ಕೇ. 2023ರಲ್ಲಿ ಹೈದರಾಬಾದಿನ ಬಳಿ ಘಟಕ ಕಟ್ಟುವುದಾಗಿ ಹೇಳಿದ್ದ ಕಂಪನಿ, ಬಳಿಕ ಗುಜರಾತಿನ ಸಾಣಂದಿಗೆ ಹೋಯಿತು. ಅಲ್ಲಿನ ಸುಮಾರು 3,300 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2024ರ ಸೆಪ್ಟೆಂಬರಿನಲ್ಲಿ.

ಅಸಲಿಯೇ ಎಂದು ನೋಡುವುದು

ಕಾರ್ಖಾನೆಯಿಂದ ಅಂಗಡಿಗೆ ಬರುವಾಗ ಮಾಲು ಹಲವು ಕೈ ದಾಟುತ್ತದೆ. ಹಳೆಯ ಬೋರ್ಡಿನಿಂದ ಕಿತ್ತ, ಮೇಲ್ಮೈ ಉಜ್ಜಿ ಹೊಸ ಹೆಸರು ಬರೆದ ಐಸಿ ನಡುವೆ ಸೇರಿಕೊಂಡರೆ ಮಾರುವವರಿಗೂ ಗೊತ್ತಾಗದು. ನೀವೇ ಹೀಗೆ ನೋಡಬಹುದು:

1. ಭೂತಗನ್ನಡಿಯಲ್ಲಿ ನೋಡಿ. ಮೇಲ್ಮೈಯಲ್ಲಿ ಒಂದೇ ದಿಕ್ಕಿನ ಗೀರುಗಳಿದ್ದರೆ, ಪಿನ್ 1ರ ಬಳಿಯ ಕುಳಿ ಅರ್ಧ ಮುಚ್ಚಿದ್ದರೆ ಉಜ್ಜಿರುವ ಸಾಧ್ಯತೆ ಇದೆ.

2. ಹತ್ತಿಗೆ ಅಸಿಟೋನ್ ತಾಗಿಸಿ ಒರೆಸಿ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಮಾಡಿ. ಶಾಯಿಯ ಅಕ್ಷರ ಅಳಿಸಿದ ಮಾತ್ರಕ್ಕೆ ನಕಲಿಯಲ್ಲ. ಕಪ್ಪು ಪದರವೇ ಕರಗಿ ಹತ್ತಿಗೆ ಹತ್ತಿದರೆ ಮೇಲೆ ಬಣ್ಣ ಬಳಿದಿದ್ದಾರೆ.

3. ಕರೆಂಟ್ ಅಳೆಯಿರಿ. 5 ವೋಲ್ಟ್ ಕೊಟ್ಟು, ಔಟ್‌ಪುಟ್‌ಗೆ ಏನೂ ಜೋಡಿಸದೆ, ಮಲ್ಟಿಮೀಟರನ್ನು ಸೀರೀಸ್‌ನಲ್ಲಿಡಿ. ಎನ್‌ಇ555 ಸುಮಾರು 3 ಮಿಲಿಆಂಪಿಯರ್ ಎಳೆಯುತ್ತದೆ. ಟಿಎಲ್‌ಸಿ555 ಎಂಬ ಸಿಮಾಸ್ ಮಾದರಿಗೆ ಅದರ ಹತ್ತರಲ್ಲೊಂದು ಭಾಗವೂ ಬೇಡ. ಟಿಎಲ್‌ಸಿ ಎಂದು ಬರೆದದ್ದು 3 ಮಿಲಿಆಂಪಿಯರ್ ಎಳೆದರೆ ಒಳಗಿರುವುದು ಬೇರೆ ಚಿಪ್.

4. ಓಡಿಸಿ ನೋಡಿ. ಡೇಟಾಶೀಟಿನ ಆಸ್ಟೇಬಲ್ ಸರ್ಕ್ಯೂಟಿನಲ್ಲಿ 10 ಕಿಲೋಓಮ್, 68 ಕಿಲೋಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ಎಲ್‌ಇಡಿ ಸೆಕೆಂಡಿಗೆ ಸುಮಾರು ಒಮ್ಮೆ ಮಿನುಗಬೇಕು. ಕೆಪಾಸಿಟರಿನ ಮೌಲ್ಯದಲ್ಲೇ ಶೇ. 20ರಷ್ಟು ಹೆಚ್ಚುಕಮ್ಮಿ ಇರುವುದರಿಂದ ಸಣ್ಣ ವ್ಯತ್ಯಾಸಕ್ಕೆ ಗಾಬರಿ ಬೇಡ.

ಕಲಿಯುವುದಕ್ಕೆ ಕೋಠಿಯಂಥ ಪೇಟೆಗಿಂತ ಒಳ್ಳೆಯ ಜಾಗವಿಲ್ಲ: ಒಂದೇ ಒಂದು ಐಸಿ ಬೇಕೆಂದರೂ ಕೊಡುತ್ತಾರೆ, ಸುಟ್ಟುಹೋದರೆ ನಷ್ಟ ಕೆಲವು ರೂಪಾಯಿ. ಆದರೆ ಜನರ ಜೀವ, ಮನೆಯ ಸುರಕ್ಷತೆ ಅವಲಂಬಿಸಿರುವ ಉಪಕರಣಕ್ಕೆ ಕಂಪನಿಯ ಅಧಿಕೃತ ವಿತರಕರಿಂದಲೇ, ಬಿಲ್ ಸಮೇತ ಕೊಳ್ಳಿ. ಅಲ್ಲಿ ಕೊಡುವ ಹೆಚ್ಚಿನ ದುಡ್ಡು, ಆ ಚಿಪ್ ಯಾವ ಕಾರ್ಖಾನೆಯಿಂದ ಯಾರ ಕೈದಾಟಿ ಬಂತು ಎಂಬ ಲೆಕ್ಕಕ್ಕೆ ಕೊಡುವ ಬೆಲೆ.