ಬೆಚ್ಚಗಿನ ಕಡಲಿಗೂ ಬೇಕು ಅಂಗಿ

"ಏನ್ರೋ ಇದು, ರಬ್ಬರಿನ ಸ್ವೆಟರು? ಈ ಬಿಸಿಲೂರಲ್ಲೂ ನಿಮಗೆ ಚಳಿಯೇ?"

ಬಚ್ಚಲುಮನೆಯಲ್ಲಿ ಒಣಗಲು ತೂಗುಹಾಕಿದ್ದ ವೆಟ್‌ಸೂಟನ್ನು ಕಂಡು, ಊರಿನಿಂದ ಮಸ್ಕತ್ತಿಗೆ ಬಂದಿದ್ದ ಅಜ್ಜಿ ನಮ್ಮನ್ನು ಕೇಳಿದ ಪ್ರಶ್ನೆಯಿದು. ಸ್ಕೂಬಾ ಡೈವಿಂಗ್ ಕಲಿಯಲು ಮಕ್ಕಳನ್ನು ಕಳಿಸುವ ತಂದೆತಾಯಿಗಳೂ ಇದನ್ನೇ ಕೇಳುತ್ತಾರೆ. ಒಂದು ಕಾಲದಲ್ಲಿ ನಾವೂ ಕೇಳಿದವರೇ.

ಆಗ ನಮ್ಮ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಆಗಸ್ಟ್ ತಿಂಗಳಲ್ಲಿ ದೈಮಾನಿಯಾತ್ ದ್ವೀಪಗಳಿಗೆ ಹೋಗಿದ್ದೆವು. 1996ರಿಂದ ಸಂರಕ್ಷಿತ ಪ್ರದೇಶವಾಗಿರುವ ಈ ದ್ವೀಪಗಳ ಸುತ್ತ ಹವಳ, ಆಮೆ, ಬಣ್ಣಬಣ್ಣದ ಮೀನುಗಳಿಗೆ ಲೆಕ್ಕವಿಲ್ಲ. ಮೇಲಿನ ನೀರು 30 ಡಿಗ್ರಿ ಇತ್ತು. ಇಷ್ಟು ಬೆಚ್ಚಗಿದೆಯಲ್ಲ, ತೆಳು ಲೈಕ್ರಾ ಉಡುಪು ಸಾಕು ಎಂದುಕೊಂಡೆವು. ಮೊದಲ ಡೈವ್ ಸುಖವಾಗಿಯೇ ಮುಗಿಯಿತು. ಎರಡನೆಯದರಲ್ಲಿ 14 ಮೀಟರ್ ಆಳದಲ್ಲಿ ಇದ್ದಕ್ಕಿದ್ದಂತೆ ತಣ್ಣೀರು ಎದುರಾಯಿತು. ಡೈವ್ ಕಂಪ್ಯೂಟರ್ 24 ಡಿಗ್ರಿ ತೋರಿಸುತ್ತಿತ್ತು. ಹತ್ತು ನಿಮಿಷದೊಳಗೆ ಮಗಳ ಬೆರಳುಗಳು ಸರಿಯಾಗಿ ಮಡಚದಾದವು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ನೋಡುವುದನ್ನೂ ಅವಳು ಮರೆತಳು. ಗುರುಗಳು ಗಮನಿಸಿ ಮೆಲ್ಲಗೆ ಮೇಲೆ ಕರೆತಂದರು. ದೋಣಿಯಲ್ಲಿ ಕೂತ ಅವಳ ತುಟಿ ನೀಲಿಗಟ್ಟಿತ್ತು. ಹೊರಗೆ ಸುಡು ಬಿಸಿಲು!

ಹೀಗೇಕಾಯಿತು? ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನಮ್ಮ ಮೈಯ ಒಳಗಿನ ಉಷ್ಣತೆ 37 ಡಿಗ್ರಿ. ಆದ್ದರಿಂದ 29-30 ಡಿಗ್ರಿಯ ನೀರೂ ಸದ್ದಿಲ್ಲದೆ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಮೊದಲ ಡೈವ್‌ನಲ್ಲಿ ಕಳೆದುಕೊಂಡದ್ದು ಒಂದು ಗಂಟೆಯ ವಿರಾಮದಲ್ಲಿ ಪೂರ್ತಿ ವಾಪಸು ಬರುವುದಿಲ್ಲ. ಎರಡನೆಯದರಲ್ಲಿ ಚಳಿ ಬೇಗ ಹತ್ತುತ್ತದೆ. ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಇನ್ನು ಬೆಚ್ಚನೆಯ ನೀರು ಹೀಗೆ ಇದ್ದಕ್ಕಿದ್ದಂತೆ ತಣ್ಣೀರಾಗಿ ಬದಲಾಗುವ ಪದರಕ್ಕೆ ಥರ್ಮೋಕ್ಲೈನ್ ಎಂದು ಹೆಸರು. ಒಮಾನಿನ ಬೇಸಿಗೆಯಲ್ಲಿ ಇದು ಅಪರೂಪವೇನಲ್ಲ. ದಕ್ಷಿಣದ ಸಲಾಲಾ ಕಡೆಯಂತೂ ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತವು ಮೇಲಿನ ನೀರನ್ನು ತೀರದಿಂದಾಚೆಗೆ ತಳ್ಳಿ, ಆಳದ ತಣ್ಣೀರನ್ನು ಮೇಲಕ್ಕೆ ಬರಿಸುತ್ತದೆ.

ವೆಟ್‌ಸೂಟ್ ನಮ್ಮನ್ನು ಒಣಗಿಸಿಡುವುದಿಲ್ಲ. ಒಳಗೆ ಸ್ವಲ್ಪ ನೀರು ಹೊಕ್ಕೇ ಹೊಗುತ್ತದೆ. ಆ ನೀರೇ ನಮ್ಮನ್ನು ಬೆಚ್ಚಗಿಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಕೆಲಸ ಮಾಡುವುದು ನಿಯೋಪ್ರೀನ್ ಎಂಬ ರಬ್ಬರಿನೊಳಗೆ ಸೆರೆಯಾಗಿರುವ ಅನಿಲದ ಸಣ್ಣ ಸಣ್ಣ ಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಇಂಥ ಸೂಟನ್ನು ರೂಪಿಸಿದ ಹ್ಯೂ ಬ್ರಾಡ್ನರ್ ಒಬ್ಬ ಭೌತವಿಜ್ಞಾನಿ. ಒಳಗಿನ ನೀರು ಅಲ್ಲಾಡದೆ ನಿಂತರೆ ಸಾಕು ಎಂಬುದು ಅವರಿಗೆ ಹೊಳೆದಿತ್ತು. ಆದ್ದರಿಂದಲೇ ಸೂಟು ಮೈಗೆ ಅಂಟಿಕೊಂಡಂತಿರಬೇಕು. ಸೊಂಟದ ಹಿಂದೆ, ಕಂಕುಳಲ್ಲಿ, ಕತ್ತಿನ ಬಳಿ ಸಡಿಲವಿದ್ದರೆ ಪ್ರತಿ ಸಲ ಕಾಲು ಬಡಿದಾಗಲೂ ಹೊಸ ತಣ್ಣೀರು ಒಳನುಗ್ಗುತ್ತದೆ. "ಮುಂದಿನ ವರ್ಷಕ್ಕೂ ಆಗಲಿ" ಎಂದು ಮಕ್ಕಳಿಗೆ ಸಮವಸ್ತ್ರ ಹೊಲಿಸುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ನಡೆಯದು.

ಹನ್ನೊಂದನೆಯ ತರಗತಿಯವರಿಗೆ ಬಾಯ್ಲನ ನಿಯಮ ಗೊತ್ತಿರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಗುಳ್ಳೆಗಳು ಅಷ್ಟಕ್ಕಷ್ಟು ಕುಗ್ಗುತ್ತವೆ. ರಬ್ಬರ್ ಕುಗ್ಗದ್ದರಿಂದ ಸೂಟಿನ ದಪ್ಪ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಆದರೂ ಆಳ ಹೆಚ್ಚಿದಂತೆ ಸೂಟು ತೆಳುವಾಗುತ್ತದೆ, ಅದರ ತೇಲುವ ಶಕ್ತಿಯೂ ಇಳಿಯುತ್ತದೆ. ಚಳಿ ಹೆಚ್ಚುವ ಆಳದಲ್ಲಿಯೇ ಕಂಬಳಿ ತೆಳುವಾಯಿತೆನ್ನಿ! ಹಾಗೆಂದು ಅತಿ ದಪ್ಪದ ಸೂಟು ತೊಟ್ಟರೆ ಮುಳುಗಲು ಸೊಂಟಕ್ಕೆ ಇನ್ನಷ್ಟು ಸೀಸ ಕಟ್ಟಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಮ್ಮ ಅನುಭವದಲ್ಲಿ ಬೇಸಿಗೆಗೆ ಕೈಕಾಲು ಪೂರ್ತಿ ಮುಚ್ಚುವ 3 ಮಿಲಿಮೀಟರ್ ಸೂಟು ಒಳ್ಳೆಯದು. ಜೊತೆಗೆ ತಲೆ ಮುಚ್ಚುವ ಟೋಪಿಯಿರುವ ತೆಳು ಬನಿಯನ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಎರಡನೆಯ ಡೈವ್‌ಗೆ ಅದು ಒಳಗೆ ಸೇರಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಜನವರಿ-ಫೆಬ್ರವರಿಯಲ್ಲಿ 5 ಮಿಲಿಮೀಟರ್ ಬೇಕೇ ಬೇಕು. ತುಂಡುತೋಳಿನ, ಮಂಡಿಯವರೆಗಿನ ಶಾರ್ಟಿ ತೊಡಲು ಸುಲಭ, ಬೆಲೆಯೂ ಕಡಿಮೆ. ಆದರೂ ನಮಗೆ ಅದು ಇಷ್ಟವಿಲ್ಲ. ಜೆಲ್ಲಿಫಿಶ್‌ನ ಎಳೆಗಳು, ಮುಟ್ಟಿದರೆ ಉರಿಯುವ ಬೆಂಕಿ ಹವಳ, ದೋಣಿಯ ಮೇಲಿನ ಬಿಸಿಲು, ಇವು ಮೂರೂ ಬರಿಯ ಮೊಣಕಾಲನ್ನೇ ಹುಡುಕಿಕೊಂಡು ಬರುತ್ತವೆ. ಲೈಕ್ರಾ ಇವುಗಳಿಂದ ಕಾಪಾಡುತ್ತದೆ, ಚಳಿಯಿಂದಲ್ಲ. ಅದು ನಾವು ಮಾಡಿದ ತಪ್ಪು. ಕೈಗವಸನ್ನು ನಾವು ಮಕ್ಕಳಿಗೆ ಕೊಡುವುದಿಲ್ಲ. ಕೊಟ್ಟರೆ ಹವಳವನ್ನು ಹಿಡಿಯುವ ಆಸೆ ಹುಟ್ಟುತ್ತದೆ.

ಇನ್ನೊಂದು ಅಪಾಯ ಇದರ ತದ್ವಿರುದ್ಧದ್ದು. ಜೂನ್ ತಿಂಗಳ ಬಿಸಿಲಲ್ಲಿ ದೋಣಿಯ ಮೇಲೆ ಸೂಟಿನ ಜಿಪ್ ಹಾಕಿಕೊಂಡು ಅರ್ಧ ಗಂಟೆ ಕೂತರೆ ಮೈ ಬೆಂದು ತಲೆ ಸುತ್ತುತ್ತದೆ. ನೀರಿಗಿಳಿಯುವ ಹೊತ್ತಿಗಷ್ಟೇ ಜಿಪ್ ಎಳೆಯಿರಿ, ಧಾರಾಳವಾಗಿ ನೀರು ಕುಡಿಯಿರಿ. ನೀರಿನಲ್ಲಿ ಮುಳುಗಿದಾಗ ಮೂತ್ರ ಹೆಚ್ಚು ಬರುವುದು ದೇಹದ ಸಹಜ ಗುಣ (ನಮ್ಮ ಮಗನಿಗೆ ಈ ವಿಷಯ ಹೇಳಿದ ದಿನದಿಂದ ಅವನ ಸೂಟನ್ನು ತೊಳೆಯುವ ಕೆಲಸ ಅವನದೇ!). ಮಗು ಒಮ್ಮೆ ನಡುಗಿತೆಂದರೆ ಅಂದಿನ ಡೈವ್ ಅಲ್ಲಿಗೇ ಮುಗಿಯಬೇಕು, ಕೊಟ್ಟ ಹಣದ ಲೆಕ್ಕ ಹಾಕಬಾರದು. ಚಳಿಯಲ್ಲಿ ಕೈಕಾಲಿಗೆ ರಕ್ತದ ಹರಿವು ಕಡಿಮೆಯಾಗಿ, ಮೇಲೇರುವಾಗ ನೈಟ್ರೋಜನ್ ದೇಹದಿಂದ ಹೊರಹೋಗುವುದೂ ನಿಧಾನವಾಗುತ್ತದೆ.

ರಜೆಯಲ್ಲಿ ಊರಿಗೆ ಹೋದವರು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವುದಾದರೆ ಅಲ್ಲಿಗೂ ತೆಳುವಾದ ಉದ್ದ ಸೂಟೇ ಸರಿ. ಬಾಡಿಗೆ ಸೂಟು ಕೊಟ್ಟರೆ ದಡದಲ್ಲೇ ತೊಟ್ಟು ನೋಡಿ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಜಾಲಾಡಿಸಿ, ಒಳಮೈ ಹೊರಗಾಗಿ ತಿರುಗಿಸಿ, ನೆರಳಲ್ಲಿ ಒಣಹಾಕಬೇಕು. ಬಿಸಿಲಿಗೆ ಹಾಕಿದರೆ ರಬ್ಬರ್ ಬಿರಿಯುತ್ತದೆ. ಮಗಳ ಮೊದಲ 3 ಮಿಲಿಮೀಟರ್ ಸೂಟು ಈಗ ಅವಳಿಗೆ ಗಿಡ್ಡವಾಗಿದೆ, ಇನ್ನೂ ಚೆನ್ನಾಗಿಯೇ ಇದೆ. ಆರು-ಏಳನೆಯ ತರಗತಿಯ ಯಾರಿಗಾದರೂ ಬೇಕಿದ್ದರೆ ಬಂದು ತೊಟ್ಟು ನೋಡಬಹುದು. ಬಿಗಿಯಾಗಿ ಕೂತರೆ ಮಾತ್ರ ಕೊಡುತ್ತೇವೆ.