ಹಿಮಕ್ಕೊಂದು ಮುಹೂರ್ತ

ಪ್ರಯಾಣ ಹೊರಡುವ ಮೊದಲು ಪಂಚಾಂಗ ನೋಡುವುದು ನಮ್ಮಲ್ಲಿ ಹಳೆಯ ವಾಡಿಕೆ. ರಾಹುಕಾಲದಲ್ಲಿ ನಂಬಿಕೆಯಿಲ್ಲದವರೂ ರಜೆಯ ಪಟ್ಟಿಯನ್ನೂ ವಿಮಾನದ ದರವನ್ನೂ ಎದುರಿಗಿಟ್ಟುಕೊಂಡು ಅಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕುತ್ತಾರೆ. ಆದರೆ ಚಳಿಗಾಲದ ಆರಂಭದಲ್ಲಿ ಸ್ಕೀ ಆಡಲು ಜಪಾನಿಗೆ ಹೊರಟವನಿಗೆ ಈ ಎರಡು ಲೆಕ್ಕಗಳೂ ಸಾಲವು. ಅವನ ಮುಹೂರ್ತ ನಿಶ್ಚಯವಾಗುವುದು ಸೈಬೀರಿಯದ ಗಾಳಿಯಿಂದ.

2022ರಲ್ಲಿ ಈ ಲೆಕ್ಕ ನನ್ನ ಪಾಲಿಗೆ ಬಂದಿತು. ಹೊಕ್ಕೈಡೋ ದ್ವೀಪದ ಸಪ್ಪೊರೊ ನಗರದಲ್ಲಿ ಹನ್ನೊಂದು ವರ್ಷ ಅಧ್ಯಾಪಕನಾಗಿದ್ದ ನನ್ನ ಬಾಲ್ಯಮಿತ್ರನೊಬ್ಬ ಆ ವರ್ಷದ ಕೊನೆಗೆ ಕೆಲಸ ಬಿಟ್ಟು ಊರಿಗೆ ಮರಳುವವನಿದ್ದ. 'ಒಂದು ಚಳಿಗಾಲಕ್ಕಾದರೂ ಬಾರಯ್ಯ' ಎಂದು ವರ್ಷವರ್ಷವೂ ಕರೆಯುತ್ತಿದ್ದ. ಮೊದಲು ಮನೆಯ ತಾಪತ್ರಯಗಳು, ಆಮೇಲೆ ಸಾಂಕ್ರಾಮಿಕ ರೋಗ ಅಡ್ಡ ಬಂದವು. ಆ ಅಕ್ಟೋಬರ್ 11ರಂದು ಜಪಾನ್ ಮತ್ತೆ ಪ್ರವಾಸಿಗಳಿಗೆ ಸರಾಗವಾಗಿ ಬಾಗಿಲು ತೆರೆಯಿತು. ಮಿತ್ರ ಹೊರಡುವುದು ಡಿಸೆಂಬರ್ 27ಕ್ಕೆ. ಹಿಮ ತುಂಬಿ ತುಳುಕುವ ಜನವರಿ, ಫೆಬ್ರವರಿಗಳು ನಮ್ಮ ಪಾಲಿಗಿಲ್ಲ. ನವೆಂಬರ್ ನಡುವಿನಿಂದ ಕ್ರಿಸ್‌ಮಸ್‌ವರೆಗಿನ ಐದಾರು ವಾರಗಳಲ್ಲಿ ಒಂದನ್ನು ಆರಿಸಬೇಕು. ತಪ್ಪಿದರೆ ಮತ್ತೊಂದು ಅವಕಾಶವಿಲ್ಲ.

ಜಪಾನಿನ ಹಿಮ ಬರುವ ಬಗೆ ಮಲೆನಾಡನ್ನು ಬಲ್ಲ ನಮಗೆ ಅಪರಿಚಿತವಾದುದೇನಲ್ಲ. ಅರಬ್ಬೀ ಸಮುದ್ರದ ತೇವವನ್ನು ಹೊತ್ತ ಗಾಳಿ ಸಹ್ಯಾದ್ರಿಯನ್ನು ಏರುವಾಗ ಆಗುಂಬೆಯಲ್ಲಿ ಮಳೆ ಸುರಿಸಿ, ಬಯಲುಸೀಮೆಗೆ ಒಣಗಿ ಇಳಿಯುತ್ತದಷ್ಟೆ. ಅಲ್ಲಿಯೂ ಹಾಗೆಯೇ. ಚಳಿಗಾಲದಲ್ಲಿ ಸೈಬೀರಿಯದಿಂದ ಹೊರಟ ಗಾಳಿ ಕೊರೆಯುವಷ್ಟು ತಣ್ಣಗಿರುತ್ತದೆ, ಆದರೆ ಒಣಗಾಳಿ. ನಡುವೆ ಜಪಾನ್ ಸಮುದ್ರವಿದೆ. ದಕ್ಷಿಣದಿಂದ ಬರುವ ತ್ಸುಶಿಮಾ ಪ್ರವಾಹ ಅದನ್ನು ಬೆಚ್ಚಗಿಟ್ಟಿರುತ್ತದೆ. ಗಾಳಿ ಆ ನೀರಿನಿಂದ ತೇವವನ್ನು ಹೀರಿ, ಎದುರಾದ ಪರ್ವತಗಳನ್ನೇರಿ, ಪಶ್ಚಿಮದ ಮಗ್ಗುಲಿಗೆ ಹಿಮವನ್ನು ಸುರಿಯುತ್ತದೆ. ಬೆಟ್ಟದಾಚೆಯ ಟೋಕಿಯೋದಲ್ಲಿ ಅದೇ ದಿನ ನಿರ್ಮಲವಾದ ಬಿಸಿಲು. ಸುಮಾರು 20 ಲಕ್ಷ ಜನರಿರುವ ಸಪ್ಪೊರೊದಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವನ್ನು ಒಟ್ಟುಗೂಡಿಸಿದರೆ ಐದು ಮೀಟರಿನ ಹತ್ತಿರ ಹೋಗುತ್ತದೆ.

ಹಾಗಾದರೆ ಹಿಮ ಬೀಳಲು ತೊಡಗಿದೊಡನೆ ಹೊರಡಬಹುದಲ್ಲ ಎಂದು ವಾಚಕರು ಕೇಳಬಹುದು. ನಾನೂ ಮಿತ್ರನನ್ನು ಅದನ್ನೇ ಕೇಳಿದೆ. ಅವನು ಎರಡು ಜಪಾನೀ ಮಾತುಗಳನ್ನು ಕಲಿಸಿದ. ಒಂದು 'ಹತ್ಸುಯುಕಿ', ಎಂದರೆ ವರ್ಷದ ಮೊದಲ ಹಿಮ. ಇನ್ನೊಂದು 'ನೆಯುಕಿ', ಎಂದರೆ ಬೇರುಹಿಮ: ಬಿದ್ದುದು ಕರಗದೆ ನಿಂತು ವಸಂತದವರೆಗೂ ನೆಲವನ್ನು ಹಿಡಿದಿರುವ ಹಿಮ. ಶರತ್ಕಾಲದ ಕೊನೆಗೆ ಹೊಕ್ಕೈಡೋದಲ್ಲಿ ಬಿಳಿಯ ಮೇಣದ ನವಿರು ಹೊದ್ದ ಪುಟ್ಟ ಹೇನುಜಾತಿಯ ಕೀಟಗಳು ಹಾರಾಡುತ್ತವೆ. 'ಹಿಮದ ಹುಳು' ಎಂದು ಅವುಗಳ ಹೆಸರು. ಅವು ಕಂಡರೆ ಮೊದಲ ಹಿಮ ದೂರವಿಲ್ಲವೆಂದು ಜನ ಹೇಳುತ್ತಾರೆ. ಸಪ್ಪೊರೊದಲ್ಲಿ ಆ ಹಿಮ ನವೆಂಬರಿನ ಆರಂಭದ ಹೊತ್ತಿಗೆ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಆ ತಿಂಗಳ ಸರಾಸರಿ ಉಷ್ಣತೆ ಸುಮಾರು 5 ಡಿಗ್ರಿ. ಡಿಸೆಂಬರಿನದು ಸೊನ್ನೆಗಿಂತ ಸುಮಾರು 1 ಡಿಗ್ರಿ ಕೆಳಗೆ. ಬೇರುಹಿಮ ಊರುವುದು ಸಾಮಾನ್ಯವಾಗಿ ಡಿಸೆಂಬರಿನ ಮೊದಲ ವಾರದ ಸುಮಾರಿಗೆ. ಜಪಾನಿನ ಹವಾಮಾನ ಇಲಾಖೆ ಇದಕ್ಕೊಂದು ಅಳತೆಯನ್ನೇ ಇಟ್ಟಿದೆ: 30 ದಿನಗಳಾದರೂ ಎಡೆಬಿಡದೆ ನಿಂತ ಹಿಮವನ್ನು ಅದು 'ದೀರ್ಘಕಾಲದ ಹಿಮ'ವೆಂದು ಗಣಿಸುತ್ತದೆ. ಚೀನಾದಿಂದ ಬಂದ ಹಳೆಯ ಪಂಚಾಂಗದಲ್ಲಿ 'ಅಲ್ಪಹಿಮ' ನವೆಂಬರ್ 22ರ ಹೊತ್ತಿಗೂ 'ಮಹಾಹಿಮ' ಡಿಸೆಂಬರ್ 7ರ ಹೊತ್ತಿಗೂ ಬರುತ್ತವೆ. ಬೇರೆ ದೇಶದ ಋತುಗಳಿಗೆ ಕಟ್ಟಿದ ಲೆಕ್ಕವಾದರೂ ಇಲ್ಲಿಗೂ ಅದು ಬಹುಮಟ್ಟಿಗೆ ಒಪ್ಪುವುದು ಸೋಜಿಗ.

ಮೊದಲ ಮಳೆ ಬಿದ್ದೊಡನೆ ನಮ್ಮ ರೈತ ಬೀಜ ಚೆಲ್ಲುವುದಿಲ್ಲ. ನೆಲ ಹದಕ್ಕೆ ಬರಲೆಂದು ಕಾಯುತ್ತಾನೆ. ಸ್ಕೀ ಆಡುವವನಿಗೂ ಹದ ಬೇಕು. ಹೊಕ್ಕೈಡೋದ ಕಾಡುಗಳ ನೆಲದ ತುಂಬ 'ಸಾಸಾ' ಎಂಬ ಗಿಡ್ಡಬಿದಿರು ದಟ್ಟವಾಗಿ ಬೆಳೆದಿರುತ್ತದೆ. ಆಳವಾದ ಹಿಮ ಅದನ್ನು ಬಾಗಿಸಿ ಮುಚ್ಚಿದ ಮೇಲೆ ಕಾಡು ಬಯಲಾಗುತ್ತದೆ. ಅದಕ್ಕೆ ಮುಂಚೆ ಹೋದವನ ಸ್ಕೀಹಲಗೆಗಳಿಗೆ ಬಿದಿರಿನ ಬುಡ ತೊಡರುತ್ತದೆ, ತೆಳ್ಳನೆಯ ಹಿಮದಡಿಯಲ್ಲಿ ತೊರೆಗಳು ಅಡಗಿರುತ್ತವೆ. ಫ್ಯೂಜಿ ಪರ್ವತದ ತಪ್ಪಲಿನ ಒಂದು ಮೈದಾನ ಅಕ್ಟೋಬರಿನಲ್ಲಿಯೇ ತೆರೆಯುವುದುಂಟು. ಆದರೆ ಅದು ಯಂತ್ರ ಅರೆದು ಹರಡಿದ ಮಂಜುಗಡ್ಡೆ.

ನನ್ನ ಮುಂದೆ ಮೂರು ದಾರಿಗಳಿದ್ದವು. ನವೆಂಬರಿನ ಕೊನೆಗೆ ಟಿಕೆಟ್ ಅಗ್ಗ, ವಸತಿ ಅಗ್ಗ. ತೆರೆದ ಇಳಿಜಾರುಗಳು ಒಂದೋ ಎರಡೋ. ಕ್ರಿಸ್‌ಮಸ್ ರಜೆಯವರೆಗೆ ಕಾದರೆ ಹಿಮ ಹೆಚ್ಚು ಖಚಿತ. ಆದರೆ ವರ್ಷಾಂತ್ಯದ ನೂಕುನುಗ್ಗಲು ಆಗಲೇ ಹತ್ತಿರ, ಮಿತ್ರನೋ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ. ನಡುವೆ ಉಳಿದದ್ದು ಡಿಸೆಂಬರಿನ ಮಧ್ಯದ ವಾರ. ಅದಕ್ಕೂ ಭರವಸೆಯೇನಿಲ್ಲ. 2019-20ರ ಚಳಿಗಾಲ ಜಪಾನಿನಲ್ಲಿ ಅಪೂರ್ವವಾಗಿ ಬೆಚ್ಚಗಿದ್ದು, ಹೊನ್ಶು ದ್ವೀಪದ ಅನೇಕ ಸ್ಕೀತಾಣಗಳು ಹಿಮಕ್ಕಾಗಿ ಬಾಯಿಬಿಟ್ಟುಕೊಂಡು ಕುಳಿತಿದ್ದವು. ಲೋಕ ಬಿಸಿಯೇರುತ್ತಿರುವಾಗ ಸರಾಸರಿ ದಿನಾಂಕವನ್ನು ನೆಚ್ಚಿ ಹಣ ಕಟ್ಟುವುದು ಹೇಗೆ? ಉತ್ತರಕ್ಕೆ ಹೋಗು, ಎತ್ತರಕ್ಕೆ ಹೋಗು, ಬೇರುಹಿಮದ ದಿನಕ್ಕೆ ಒಂದು ವಾರ ಸೇರಿಸು—ಇದು ಮಿತ್ರನ ಸೂತ್ರ. ಸಂಬಳವಿಲ್ಲದ ರಜೆ ಹಾಕಿ ಡಿಸೆಂಬರ್ 14ಕ್ಕೆ ಹೊರಟೆ.

ನಾವು ಹೋದುದು ನಿಸೆಕೊಗೆ. 1,308 ಮೀಟರ್ ಎತ್ತರದ ಅನ್ನುಪುರಿ ಬೆಟ್ಟದ ಸುತ್ತ ನಾಲ್ಕು ಸ್ಕೀತಾಣಗಳಿವೆ. ಎದುರಿಗೆ 1,898 ಮೀಟರಿನ ಯೋತೆಯಿ ಪರ್ವತ, ಕವುಚಿಟ್ಟ ಬೋಗುಣಿಯಂತೆ. ಗುಲ್ಮಾರ್ಗಿನಲ್ಲಿ ಎಂದೋ ಎರಡು ವಾರ ಕಲಿತ ವಿದ್ಯೆ ನನ್ನದು. ಹನ್ನೊಂದು ಚಳಿಗಾಲ ಅಂಗಳದ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿದ ಮಿತ್ರ ಮಾತ್ರ ಒಮ್ಮೆಯೂ ಸ್ಕೀ ಕಟ್ಟಿದವನಲ್ಲ. ಕಾಡಿನ ಅಂಚಿನಲ್ಲಿ ಸಾಸಾದ ಎಲೆಗಳು ಇನ್ನೂ ತಲೆಯೆತ್ತಿಕೊಂಡಿದ್ದವು. ಹದಮಾಡಿದ ಹಾದಿಗಳನ್ನು ಬಿಟ್ಟು ನಾವು ಕದಲಲಿಲ್ಲ. ಮೂರನೆಯ ರಾತ್ರಿ ಗಾಳಿ ಬೀಸಿತು. ಬೆಳಗ್ಗೆ ಎದ್ದಾಗ ಆ ಎಲೆಗಳಲ್ಲಿ ಅರ್ಧದಷ್ಟು ಕಾಣಿಸಲಿಲ್ಲ.

ಆ ದಿನ ಮಿತ್ರ ಇಪ್ಪತ್ತು ಸಲ ಬಿದ್ದ. ಕೊನೆಯ ಸಲ ಏಳುವ ಅವಸರ ತೋರದೆ ಹಾಗೆಯೇ ಕುಳಿತು ಯೋತೆಯಿಯ ಕಡೆ ನೋಡಿದ. 'ಇದನ್ನು ಇಷ್ಟು ವರ್ಷ ಬರಿಯ ಕೆಲಸವೆಂದುಕೊಂಡಿದ್ದೆ ಕಣಯ್ಯ' ಎಂದ. ಫೆಬ್ರವರಿಯಲ್ಲಿ ಹಿಮ ಇನ್ನೂ ಸೊಗಸಾಗಿರುತ್ತದೆಂದು ಬಲ್ಲವರು ಹೇಳುತ್ತಾರೆ; ಅದು ನಿಜವೇ ಇರಬೇಕು. ಆದರೆ ಋತುವಿನ ಆರಂಭಕ್ಕೆ ಹೋಗುವವರು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ: ಮೊದಲ ಹಿಮದ ಸುದ್ದಿಗೆ ಹೊರಡಬೇಡಿ, ಬೇರುಹಿಮ ಊರಲಿ. ಹಾಗೆಂದು ಹಿಮ ಮೊಳಕಾಲುದ್ದವಾಗಲೆಂದು ಕಾಯುತ್ತ ಕೂರಬೇಡಿ. ಅಷ್ಟರಲ್ಲಿ ಜೊತೆಗೆ ಬರಬೇಕಾದವರು ಊರು ಬಿಟ್ಟಿರಬಹುದು.