ಹೆಗಲಿನ ಚೀಲ

ಸಾಸಲಿನಿಂದ ಕೇದಾರಕ್ಕೆ ಹೊರಟವನಿಗೆ ಮೊದಲ ಏರು ದೊಡ್ಡಬಳ್ಳಾಪುರದ ಚೀಲದ ಅಂಗಡಿಯಲ್ಲಿಯೇ ಎದುರಾದೀತೆಂದು ನಾನು ಎಣಿಸಿರಲಿಲ್ಲ. ಅಂಗಡಿಯಾತ ಎರಡು ಚೀಲಗಳನ್ನು ಮುಂದಿಟ್ಟನು. ಒಂದು 30 ಲೀಟರಿನದು, ಇನ್ನೊಂದು 60 ಲೀಟರಿನದು. ಬೆನ್ನಿಗೆ ಹೊರುವ ಚೀಲವನ್ನೂ ಹಾಲಿನಂತೆ ಲೀಟರಿನಲ್ಲಿ ಅಳೆಯುವರೆಂಬುದು ನನಗೆ ಹೊಸ ಸಂಗತಿ.

ನನ್ನ ಒಲವು ಚಿಕ್ಕದರ ಕಡೆಗೆ. 2013ರ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ಮೇಲೆ ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರಿನ ನಡಿಗೆ. ದೇವಾಲಯವಿರುವುದು 3,500 ಮೀಟರಿಗೂ ಮೇಲೆ. ಅಲ್ಲಿಯ ತೆಳುಗಾಳಿಯಲ್ಲಿ ಹೊತ್ತ ಒಂದೊಂದು ಸೇರಿಗೂ ಉಸಿರು ಲೆಕ್ಕ ಕೇಳುತ್ತದೆ. ಚೀಲ ದೊಡ್ಡದಾದಷ್ಟೂ ತುಂಬುವ ಚಪಲವೂ ದೊಡ್ಡದು. ಆದರೆ ದೊಡ್ಡದಕ್ಕೆ ಸೊಂಟಪಟ್ಟಿಯಿತ್ತು. ಅಂಗಡಿಯಾತ ಪರಿಚಯದವನಾದ್ದರಿಂದ ಎರಡನ್ನೂ ಮನೆಗೆ ತಂದು, ಹತ್ತು ಕಿಲೋ ರಾಗಿ ತುಂಬಿ, ಹೊಲದ ದಾರಿಯಲ್ಲಿ ನಡೆದು ನೋಡಿದೆ. ಚಿಕ್ಕದು ಹೆಗಲನ್ನು ಕೊಯ್ದಿತು. ದೊಡ್ಡದರ ಭಾರವು ಸೊಂಟದ ಮೂಳೆಗೆ ಇಳಿದು ಹೆಗಲು ಹಗುರಾಯಿತು. ದಾರಿಯಲ್ಲಿ ಎದುರಾದವರು ನಕ್ಕರೆಂಬುದು ಬೇರೆ ಮಾತು.

ಇಷ್ಟಾದರೂ ಚಿಕ್ಕದನ್ನೇ ಇಟ್ಟುಕೊಳ್ಳಲು ನಿಶ್ಚಯಿಸಿದ್ದೆ, ಕಡಿಮೆ ತುಂಬಿದರಾಯಿತಷ್ಟೆ. ಆಗ ಅಕ್ಕ ಒಳಗಿನಿಂದ ಭಾವನವರ ಕರಿಯ ಕಂಬಳಿಯನ್ನು ತಂದಿಟ್ಟಳು. ಕೇದಾರಕ್ಕೆ ಹೋಗಬೇಕೆಂದು ಅವರಿಬ್ಬರೂ ಮೂವತ್ತು ವರ್ಷ ಮಾತನಾಡಿಕೊಂಡಿದ್ದರು. ಭಾವ ಹೋದ ವರ್ಷ ತೀರಿಕೊಂಡರು. ಚಿಕ್ಕ ಚೀಲದಲ್ಲಿ ಕಂಬಳಿಯನ್ನು ತುರುಕಿದರೆ ಬೇರೇನೂ ಹಿಡಿಯದು.

“ಅಲ್ಲಿ ಬೆಚ್ಚನೆಯ ಹೊದಿಕೆ ಬಾಡಿಗೆಗೆ ಸಿಗುತ್ತದಂತೆ, ಅಕ್ಕ.”

“ಸಿಗಲಿ. ಇದು ಬಾರದಿದ್ದರೆ ನಾನೂ ಬರುವುದಿಲ್ಲ ಕಣಪ್ಪ.”

ಮರುದಿನ ಚಿಕ್ಕದನ್ನು ಹಿಂದಿರುಗಿಸಿ ಬಂದೆ. ಕಂಬಳಿಯ ಪಕ್ಕದಲ್ಲಿ ಇನ್ನೂ ಜಾಗವಿತ್ತು. ಎರಡು ಪುಸ್ತಕಗಳನ್ನು ಮೆಲ್ಲನೆ ಸೇರಿಸಿದೆ. ಅಕ್ಕ ಅವನ್ನು ತೆಗೆದು ಹೊರಗಿಟ್ಟಳು.